ಇಂಗ್ಲಿಷ್ ಬರವಣಿಗೆಯಲ್ಲಿ ಕ್ರಿಯಾಪದ ಮತ್ತು ಪ್ರಿಪೊಸಿಷನ್ ಜೋಡಿ

ಇಂಗ್ಲಿಷಿನ ಎಷ್ಟೋ ಕ್ರಿಯಾಪದಗಳು ಕರ್ಮಪದವನ್ನು ನೇರವಾಗಿ ಹಿಡಿಯುವುದಿಲ್ಲ. ನಡುವೆ ಒಂದು ಗೊತ್ತಾದ ಪ್ರಿಪೊಸಿಷನ್ ಇರಲೇಬೇಕು. ‘ಲಿಸನ್’ಗೆ ‘ಟು’ ಬೇಕು, ‘ವೇಟ್’ಗೆ ‘ಫಾರ್’, ‘ಡಿಪೆಂಡ್’ಗೆ ‘ಆನ್’, ‘ಕನ್ಸಿಸ್ಟ್’ಗೆ ‘ಆಫ್’. ಇನ್ನು ‘ಡಿಸ್ಕಸ್’, ‘ರೀಚ್’, ‘ಆನ್ಸರ್’, ‘ಅವೇಟ್’ ಮುಂತಾದವಕ್ಕೆ ಏನೂ ಬೇಡ. ಬೇಡದ ಕಡೆ ಒಂದನ್ನು ತಂದು ಸೇರಿಸಿದರೆ ಅದೇ ತಪ್ಪಾಗುತ್ತದೆ. ಯಾವುದಕ್ಕೆ ಯಾವುದು ಎಂಬುದು ಬಹುಮಟ್ಟಿಗೆ ರೂಢಿಯ ಮಾತು. ‘ವೇಟ್’, ‘ಅವೇಟ್’ ಎರಡಕ್ಕೂ ಕಾಯುವುದೆಂದೇ ಅರ್ಥ, ಆದರೆ ಒಂದಕ್ಕೆ ‘ಫಾರ್’ ಬೇಕು, ಇನ್ನೊಂದಕ್ಕೆ ಬೇಡ.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಬರೆಯುವವರಲ್ಲಿ ಕಾಗುಣಿತದ ತಪ್ಪು ಬೇಗ ಹೋಗುತ್ತದೆ, ಕಾಲಸೂಚಕದ ತಪ್ಪು ಸ್ವಲ್ಪ ತಡವಾಗಿ ಹೋಗುತ್ತದೆ. ಈ ಜೋಡಿಗಳ ತಪ್ಪು ಪದವಿ, ಸ್ನಾತಕೋತ್ತರ ಪದವಿ ದಾಟಿದ ಮೇಲೂ ಉಳಿದಿರುತ್ತದೆ. ಇದನ್ನು ಬಾಯಿಪಾಠದ ಕೊರತೆ ಎಂದು ಶಾಲೆಗಳು ತಿಳಿದಿವೆ. ಇಂಥ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಕನ್ನಡದ ವ್ಯಾಕರಣ ಚೆನ್ನಾಗಿ ಗೊತ್ತಿರುವುದರಿಂದ, ಹಾಗಾಗಿ ಅವುಗಳನ್ನು ಕನ್ನಡದ ಮೂಲಕವೇ ಬಿಡಿಸುವುದು ಸುಲಭ ಎಂಬುದು ಈ ಲೇಖನದ ನಿಲುವು.

ಎರಡು ಬಗೆ

ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ದೊಡ್ಡ ಇಂಗ್ಲಿಷ್ ವ್ಯಾಕರಣ ಈ ಜೋಡಿಗಳನ್ನು ಪ್ರಿಪೊಸಿಷನಲ್ ವರ್ಬ್ ಮತ್ತು ಫ್ರೇಸಲ್ ವರ್ಬ್ ಎಂದು ಬೇರ್ಪಡಿಸುತ್ತದೆ. ‘ಪುಟ್ ಅಪ್ ವಿತ್’ನಂತೆ ಎರಡೂ ಕೂಡಿಕೊಂಡ ಮೂರನೆಯ ಬಗೆಯೂ ಅದರಲ್ಲಿದೆ. ಮೊದಲೆರಡನ್ನು ಗುರುತಿಸಲು ಸುಲಭದ ಉಪಾಯವೊಂದಿದೆ: ಕರ್ಮದ ಜಾಗದಲ್ಲಿ ‘ಇಟ್’ ಎಂಬ ಸರ್ವನಾಮ ಇಟ್ಟು ನೋಡುವುದು. ಅರ್ಜಿ ತುಂಬುವಾಗ ‘ಫಿಲ್ ಇಟ್ ಇನ್’ ಸರಿ, ‘ಫಿಲ್ ಇನ್ ಇಟ್’ ತಪ್ಪು. ಆದ್ದರಿಂದ ಅದು ಫ್ರೇಸಲ್ ವರ್ಬ್. ‘ಡಿಪೆಂಡ್ ಆನ್ ಇಟ್’ ಸರಿ, ‘ಡಿಪೆಂಡ್ ಇಟ್ ಆನ್’ ತಪ್ಪು. ಆದ್ದರಿಂದ ಅದು ಪ್ರಿಪೊಸಿಷನಲ್ ವರ್ಬ್.

ಈ ವಿಂಗಡಣೆ ಕನ್ನಡಿಗರಿಗೆ ಹೊಸದೆನಿಸಬೇಕಿಲ್ಲ. ಮೊದಲ ಬಗೆಯ ಕೆಲಸವನ್ನು ಕನ್ನಡದಲ್ಲಿ ವಿಭಕ್ತಿ ಮಾಡುತ್ತದೆ. ದೇವರನ್ನು ನಂಬುತ್ತೇವೆ, ಹುಲಿಗೆ ಹೆದರುತ್ತೇವೆ, ಮಗನ ಮೇಲೆ ಸಿಟ್ಟಾಗುತ್ತೇವೆ. ನಂಬುವುದಕ್ಕೆ ‘ಅನ್ನು’ ಯಾಕೆ, ಹೆದರುವುದಕ್ಕೆ ‘ಗೆ’ ಯಾಕೆ ಎಂದು ಯಾವ ತಾಯಿಯೂ ಮಗುವಿಗೆ ವಿವರಿಸಿಲ್ಲ. ಆಯಾ ಕ್ರಿಯೆಯೇ ತನಗೆ ಬೇಕಾದ ವಿಭಕ್ತಿಯನ್ನು ಆರಿಸಿಕೊಂಡಿರುತ್ತದೆ. ಆ ಆಯ್ಕೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ; ಒಂದು ವಿಭಕ್ತಿ ಬರಬೇಕಾದಲ್ಲಿ ಇನ್ನೊಂದು ಬರುವುದನ್ನು 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಪಲ್ಲಟವೆಂದು ಗುರುತಿಸಿದ್ದಾನೆ.

ಎರಡನೆಯ ಬಗೆಗೆ ಕನ್ನಡದಲ್ಲಿ ಸಂವಾದಿಯಾಗಿ ನಿಲ್ಲುವುದು ಮುಖ್ಯ ಕ್ರಿಯೆಯ ಬಾಲಕ್ಕೆ ಅಂಟುವ ಸಹಾಯಕ ಕ್ರಿಯೆಗಳು: ಹಾಕು, ಬಿಡು, ಕೊಳ್ಳು, ಹೋಗು, ಕೊಡು. ‘ಈಟ್ ಅಪ್’ ಅಂದರೆ ತಿಂದುಹಾಕು, ‘ಕಟ್ ಡೌನ್’ ಅಂದರೆ ಕಡಿದುಹಾಕು, ‘ಗಿವ್ ಅಪ್’ ಅಂದರೆ ಬಿಟ್ಟುಬಿಡು. ಬಸ್ಸು ದಾರಿಯಲ್ಲಿ ‘ಬ್ರೇಕ್ ಡೌನ್’ ಆದರೆ ಅದು ಕೆಟ್ಟು ನಿಲ್ಲುತ್ತದೆ. ‘ಹಾಕು’ವಿಗೆ ಅಲ್ಲಿ ಹಾಕುವ ಅರ್ಥವಿಲ್ಲ, ‘ಅಪ್’ಗೆ ಇಲ್ಲಿ ಮೇಲಿನ ಅರ್ಥವಿಲ್ಲ, ಕೆಲಸ ಪೂರ್ತಿಯಾಯಿತು ಎಂಬ ಛಾಯೆಯನ್ನು ಎರಡೂ ಕೊಡುತ್ತವೆ. ಹೊಂದಿಕೆ ಎಲ್ಲ ಕಡೆಯೂ ಪೂರ್ತಿಯಲ್ಲ. ‘ಲುಕ್ ಆಫ್ಟರ್’ ರೂಪದಲ್ಲಿ ಮೊದಲ ಬಗೆಯದು, ಆದರೆ ಕನ್ನಡದಲ್ಲಿ ಅದಕ್ಕೆ ಸಿಗುವ ‘ನೋಡಿಕೊಳ್ಳು’ ಎರಡನೆಯ ಬಗೆಯದು. ಆದರೂ ‘ಅಪ್’, ‘ಡೌನ್’, ‘ಔಟ್’ಗಳನ್ನು ದಿಕ್ಕುಗಳೆಂದು ಕಲಿಸಿ ಗೊಂದಲ ಮಾಡುವುದಕ್ಕಿಂತ ‘ತಿಂದುಹಾಕು’ವಿನಿಂದ ಆರಂಭಿಸುವುದು ಮೇಲು.

ಪಾಳಾ ಸೀಮೆಯ ಭಾಷೆಗಳು

ಈ ತಪ್ಪುಗಳನ್ನು ಒಂದು ಸೀಮೆಯಲ್ಲಿಟ್ಟು ನೋಡೋಣ. ಪಾಳಾ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಊರು. ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ ತಾಲ್ಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಶಾಲೆಯ ಭಾಷೆ ಕನ್ನಡವಾದರೂ ಮನೆಮಾತು ಊರಿನಿಂದ ಊರಿಗೆ ಬೇರೆ. ಹಳಿಯಾಳದ ಕಡೆ ಮರಾಠಿ, ಜೋಯಿಡಾದ ಕುಣಬಿಗಳ ಮನೆಗಳಲ್ಲಿ ಕೊಂಕಣಿ, ಸಿದ್ದಿಗಳಲ್ಲಿ ಅವರದೇ ಧಾಟಿಯ ಕೊಂಕಣಿ, ಮುಂಡಗೋಡದ ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ಉರ್ದು. ಮುಂಡಗೋಡದ ಬಳಿ 1966ರಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರಗಳಲ್ಲಿ ಟಿಬೆಟನ್ ಭಾಷೆ.

ದ್ರಾವಿಡ, ಇಂಡೋ–ಆರ್ಯನ್, ಟಿಬೆಟೋ–ಬರ್ಮನ್ ಎಂಬ ಮೂರು ಬೇರೆ ಬೇರೆ ಕುಲಗಳ ಈ ಭಾಷೆಗಳೆಲ್ಲ ಒಂದು ವಿಷಯದಲ್ಲಿ ಒಂದಾಗಿವೆ: ಸಂಬಂಧ ತೋರಿಸುವ ಪದವೋ ಪ್ರತ್ಯಯವೋ ನಾಮಪದದ ನಂತರವೇ ಬರುತ್ತದೆ. ಕನ್ನಡದಲ್ಲಿ ‘ಮನೆಯಲ್ಲಿ’, ಮರಾಠಿಯಲ್ಲಿ ‘ಘರಾತ್’. ಟಿಬೆಟನ್ನಿನ ‘ಲ’ ಕೂಡ ನಾಮಪದದ ಹಿಂದೆ ಅಂಟಿ ನಮ್ಮ ‘ಗೆ’, ‘ಅಲ್ಲಿ’ ಎರಡರ ಕೆಲಸವನ್ನೂ ಮಾಡುತ್ತದೆ. ಸಂಬಂಧಸೂಚಕವನ್ನು ನಾಮಪದದ ಮುಂಚೆ ಇಡುವ ಭಾಷೆಯಾಗಿ ಈ ಸೀಮೆಯ ಮಗುವಿಗೆ ಎದುರಾಗುವುದು ಇಂಗ್ಲಿಷ್ ಒಂದೇ. ‘ಇನ್ ದ ಹೌಸ್’ ಎನ್ನುವಾಗ ಮನೆ ಯಾವುದೆಂದು ತಿಳಿಯುವ ಮೊದಲೇ ಸಂಬಂಧ ಯಾವುದೆಂದು ಹೇಳಿಬಿಡಬೇಕು.

1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಲ್ಲಿಯ ಇಂಗ್ಲಿಷ್ ಕಲಿಕೆ ಮುಂಬಯಿಯ ಪದ್ಧತಿಯಲ್ಲೇ ನಡೆಯಿತು. ಕರ್ನಾಟಕದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಐದನೇ ತರಗತಿಯಿಂದ ಆರಂಭವಾಗುತ್ತಿತ್ತು. 2007–08ರಿಂದ ಒಂದನೇ ತರಗತಿಯಿಂದಲೇ ಒಂದು ವಿಷಯವಾಗಿ ಬಂದಿದೆ. ಇನ್ನೊಂದು ಕಡೆ, 1963ರ ರಾಜಭಾಷಾ ಕಾಯ್ದೆಯ ಮೇರೆಗೆ ಆಡಳಿತದ ಭಾಷೆ ಕನ್ನಡ. ಆದ್ದರಿಂದ ಪಾಳಾದ ರೈತ ಪಹಣಿ ತಿದ್ದುಪಡಿಗೆ ತಹಶೀಲ್ದಾರರಿಗೆ ಇಂಗ್ಲಿಷಿನಲ್ಲಿ ಬರೆಯಬೇಕಿಲ್ಲ. ಆ ಭಾಷೆ ಬೇಕಾಗುವುದು ಅವನ ಮಗಳು ಎಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕುವಾಗ, ವಿಮಾ ಕಂಪನಿಗೆ ದೂರು ಬರೆಯುವಾಗ, ದಾಂಡೇಲಿಯ ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿ ಹೊರರಾಜ್ಯದ ಪ್ರವಾಸಿಗೆ ಇಮೇಲ್ ಕಳಿಸುವಾಗ. ಮಾತಿನಲ್ಲಿ ಯಾರೂ ಗಮನಿಸದ ಪ್ರಿಪೊಸಿಷನ್ ಈ ಬರಹಗಳಲ್ಲಿ ಎದ್ದು ಕಾಣುತ್ತದೆ.

ಒಂದು ರಜೆ ಅರ್ಜಿ

ಚರ್ಚೆಗೆಂದು ಕಟ್ಟಿದ ಮಾದರಿಯೊಂದನ್ನು ನೋಡೋಣ. ಪಿಯುಸಿ ವಿದ್ಯಾರ್ಥಿಯೊಬ್ಬ ಪ್ರಾಚಾರ್ಯರಿಗೆ ಬರೆಯುತ್ತಾನೆ: ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಥ್ರೀ ಡೇಸ್. ಐ ಕುಡ್ ನಾಟ್ ಅಟೆಂಡ್ ಟು ದ ಕ್ಲಾಸಸ್. ಐ ರಿಕ್ವೆಸ್ಟ್ ಫಾರ್ ಫೋರ್ ಡೇಸ್ ಲೀವ್. ಐ ವಿಲ್ ಡಿಸ್ಕಸ್ ಅಬೌಟ್ ದ ಲೆಸನ್ಸ್ ವಿತ್ ಮೈ ಲೆಕ್ಚರರ್ ಆಂಡ್ ಕೋಪ್ ಅಪ್ ವಿತ್ ದ ಸಿಲಬಸ್.’

‘ಸಫರಿಂಗ್ ಫ್ರಮ್’ ಸರಿಯಾಗಿದೆ. ಈ ಜೋಡಿಯಲ್ಲಿ ಕನ್ನಡಿಗರು ತಪ್ಪುವುದು ಅಪರೂಪ; ‘ಜ್ವರದಿಂದ ಬಳಲುತ್ತಿದ್ದೇನೆ’ ಎಂಬಲ್ಲಿಯ ‘ಇಂದ’ ನೇರವಾಗಿ ‘ಫ್ರಮ್’ ಆಗಿ ಇಳಿಯುತ್ತದೆ. ಅದೇ ‘ಇಂದ’ ಮುಂದಿನ ಎರಡೇ ಪದಗಳಲ್ಲಿ ಕೈಕೊಟ್ಟಿದೆ. ‘ಮೂರು ದಿನದಿಂದ’ ಎನ್ನುವಾಗ ನಮಗೆ ಆರಂಭದ ಬಿಂದುವೂ ಅವಧಿಯೂ ಒಂದೇ ಪ್ರತ್ಯಯದಲ್ಲಿ ಸಿಗುತ್ತವೆ. ಇಂಗ್ಲಿಷ್ ಅವೆರಡನ್ನು ಒಡೆಯುತ್ತದೆ: ಸೋಮವಾರದಿಂದ ಎಂದರೆ ‘ಸಿನ್ಸ್’, ಮೂರು ದಿನದಿಂದ ಎಂದರೆ ‘ಫಾರ್’. ಕ್ರಿಯಾಪದವೂ ‘ಹ್ಯಾವ್ ಬೀನ್ ಸಫರಿಂಗ್’ ಆಗಬೇಕಿತ್ತು.

‘ಅಟೆಂಡ್ ಟು’ ಬಂದದ್ದು ‘ತರಗತಿಗೆ ಹಾಜರಾಗು’ ಎಂಬುದರ ‘ಗೆ’ಯಿಂದ. ಹಾಜರಾಗು ಎಂಬ ಅರ್ಥದಲ್ಲಿ ‘ಅಟೆಂಡ್’ಗೆ ಪ್ರಿಪೊಸಿಷನ್ ಬೇಡ. ‘ಅಟೆಂಡ್ ಟು’ ಎಂಬುದೂ ಇದೆ, ಅರ್ಥ ಬೇರೆ: ಗಮನ ಕೊಡು, ಆರೈಕೆ ಮಾಡು. ದಾದಿ ರೋಗಿಯನ್ನು ‘ಅಟೆಂಡ್ ಟು’ ಮಾಡುತ್ತಾಳೆ. ಹಾಗೆ ನೋಡಿದರೆ ನಮ್ಮ ವಿದ್ಯಾರ್ಥಿ ತರಗತಿಗಳ ಶುಶ್ರೂಷೆ ಮಾಡಲಾಗಲಿಲ್ಲವೆಂದು ವಿಷಾದಿಸಿದ್ದಾನೆ. ಇಂಥ ಕಡೆ ಹೆಚ್ಚುವರಿ ಪದ ಬರೀ ಹೆಚ್ಚುವರಿಯಾಗಿ ಉಳಿಯದೆ ಅರ್ಥವನ್ನೇ ತಿರುಗಿಸುತ್ತದೆ.

‘ಕೋಪ್ ಅಪ್ ವಿತ್’ಗೆ ಕನ್ನಡ ಕಾರಣವಲ್ಲ. ‘ಕ್ಯಾಚ್ ಅಪ್ ವಿತ್’, ‘ಕೀಪ್ ಅಪ್ ವಿತ್’ಗಳ ಸಹವಾಸದಿಂದ ‘ಕೋಪ್’ಗೂ ಒಂದು ‘ಅಪ್’ ಅಂಟಿದೆ. ಇರಬೇಕಾದದ್ದು ‘ಕೋಪ್ ವಿತ್’. ಇದು ಭಾರತದ ಎಲ್ಲ ಕಡೆಯೂ ಕಾಣುವ ಬಳಕೆ. ‘ರಿಟರ್ನ್ ಬ್ಯಾಕ್’, ‘ರಿಪ್ಲೈ ಬ್ಯಾಕ್’ ಕೂಡ ಇದೇ ಜಾತಿಯವು.

ಉಳಿದ ಎರಡು, ‘ರಿಕ್ವೆಸ್ಟ್ ಫಾರ್’ ಮತ್ತು ‘ಡಿಸ್ಕಸ್ ಅಬೌಟ್’, ಬೇರೆಯಾಗಿಯೇ ನೋಡಬೇಕಾದವು.

ಚರ್ಚೆ ಮತ್ತು ಚರ್ಚಿಸು

ಇಂಗ್ಲಿಷಿನಲ್ಲಿ ಒಂದೇ ಮೂಲದ ನಾಮಪದಕ್ಕೆ ಪ್ರಿಪೊಸಿಷನ್ ಬೇಕಾಗಿ, ಕ್ರಿಯಾಪದಕ್ಕೆ ಬೇಡವಾಗುವುದು ತುಂಬ ಸಾಮಾನ್ಯ. ‘ಎ ಡಿಸ್ಕಷನ್ ಅಬೌಟ್ ದ ರೋಡ್’ ಸರಿ. ‘ವಿ ಡಿಸ್ಕಸ್ಡ್ ದ ರೋಡ್’ ಎನ್ನುವಾಗ ‘ಅಬೌಟ್’ ಬಿಡಬೇಕು. ‘ಎಂಫಸಿಸ್ ಆನ್’ ಇದೆ, ‘ಎಂಫಸೈಸ್ ಆನ್’ ಇಲ್ಲ. ‘ಎ ರಿಕ್ವೆಸ್ಟ್ ಫಾರ್ ಲೀವ್’, ‘ಎ ಡಿಮ್ಯಾಂಡ್ ಫಾರ್ ವಾಟರ್’, ‘ಆನ್ ಆನ್ಸರ್ ಟು ದ ಲೆಟರ್’, ‘ಆನ್ ಅಟ್ಯಾಕ್ ಆನ್ ದ ವಿಲೇಜ್’, ‘ಎ ಲ್ಯಾಕ್ ಆಫ್ ಫಂಡ್ಸ್’ ಎಲ್ಲವೂ ಸರಿ. ಇವೇ ಪದಗಳು ಕ್ರಿಯೆಗಳಾದ ಕೂಡಲೇ ಆ ಪ್ರಿಪೊಸಿಷನ್‌ಗಳನ್ನು ಕಳಚಬೇಕು. ಕಳಚದಿರುವುದೇ ಭಾರತೀಯರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಾಣುವ ಪ್ರಿಪೊಸಿಷನ್ ದೋಷ ಎಂದರೆ ಅತಿಶಯವಾಗಲಾರದು.

ಕನ್ನಡ ವ್ಯಾಕರಣದಲ್ಲಿಯೂ ಇದೇ ನಿಯಮವಿದೆ. ‘ರಸ್ತೆಯ ಬಗ್ಗೆ ಚರ್ಚೆ ನಡೆಸಿದೆವು’ ಎನ್ನುವಾಗ ‘ಚರ್ಚೆ’ ನಾಮಪದ, ಅದಕ್ಕೆ ‘ಬಗ್ಗೆ’ ಬೇಕು. ‘ರಸ್ತೆಯ ವಿಷಯವನ್ನು ಚರ್ಚಿಸಿದೆವು’ ಎನ್ನುವಾಗ ಕ್ರಿಯಾಪದಕ್ಕೆ ‘ಅನ್ನು’ ಸಾಕು. ‘ಇದಕ್ಕೆ ಒತ್ತು ಕೊಟ್ಟರು’, ‘ಇದನ್ನು ಒತ್ತಿಹೇಳಿದರು’. ‘ನೀರಿಗೆ ಬೇಡಿಕೆ’, ‘ನೀರನ್ನು ಬೇಡಿದರು’. ‘ಊರಿನ ಮೇಲೆ ಮುತ್ತಿಗೆ’, ‘ಊರನ್ನು ಮುತ್ತಿದರು’. ಕನ್ನಡದಲ್ಲಿ ದ್ವಿತೀಯಾ ವಿಭಕ್ತಿ ಬರುವ ಈ ಎಲ್ಲ ಕಡೆ ಇಂಗ್ಲಿಷ್ ಕ್ರಿಯಾಪದವೂ ಬರಿಗೈಯಲ್ಲಿದೆ.

ಹಾಗಿದ್ದ ಮೇಲೆ ತಪ್ಪು ಎಲ್ಲಿಂದ ಬಂತು? ಆಡುಮಾತಿನಲ್ಲಿ ನಾವು ‘ಚರ್ಚಿಸು’, ‘ವಿನಂತಿಸು’ ಎನ್ನುವುದು ಕಡಿಮೆ. ‘ಚರ್ಚೆ ಮಾಡು’, ‘ವಿನಂತಿ ಮಾಡು’, ‘ಡಿಸ್ಕಸ್ ಮಾಡು’, ‘ರಿಕ್ವೆಸ್ಟ್ ಮಾಡು’ ಎನ್ನುತ್ತೇವೆ. ನಾಮಪದಕ್ಕೆ ‘ಮಾಡು’ ಸೇರಿಸಿ ಕ್ರಿಯೆ ಮಾಡಿಕೊಳ್ಳುವ ಈ ಅಭ್ಯಾಸದಲ್ಲಿ ‘ಡಿಸ್ಕಸ್’ ನಮ್ಮ ಕಿವಿಗೆ ನಾಮಪದವಾಗಿಯೇ ಕೇಳುತ್ತದೆ. ‘ರಸ್ತೆ ಬಗ್ಗೆ ಡಿಸ್ಕಸ್ ಮಾಡಿದ್ವಿ’ ಎಂಬ ವಾಕ್ಯ ಕನ್ನಡವಾಗಿ ನಿರ್ದೋಷ. ಅದನ್ನು ಪೂರ್ತಿ ಇಂಗ್ಲಿಷಿಗೆ ತಿರುಗಿಸುವಾಗ ‘ಮಾಡು’ ಉದುರುತ್ತದೆ, ‘ಬಗ್ಗೆ’ ಮಾತ್ರ ‘ಅಬೌಟ್’ ಆಗಿ ಉಳಿದುಬಿಡುತ್ತದೆ. ಹಿಂದಿ, ಮರಾಠಿಗಳಲ್ಲಿಯೂ ‘ಚರ್ಚಾ’ಕ್ಕೆ ‘ಮಾಡು’ ಎಂಬರ್ಥದ ಕ್ರಿಯೆ ಸೇರಿಸುವುದೇ ರೂಢಿ. ಹಳಿಯಾಳದ ಮರಾಠಿ ಮನೆಮಾತಿನ ಹುಡುಗನೂ ಪಾಳಾದ ಕನ್ನಡ ಹುಡುಗನೂ ಇಲ್ಲಿ ಒಂದೇ ತಪ್ಪು ಮಾಡುವುದು ಹೀಗೆ.

‘ಗೆ’, ‘ಜೊತೆ’, ‘ಗಿಂತ’

‘ಗೆ’ ಪ್ರತ್ಯಯ ಇಂಗ್ಲಿಷಿನ ‘ಟು’ಗೆ ಒಳ್ಳೆಯ ಗೆಳೆಯನಂತೆ ಕಂಡು ಹೆಚ್ಚು ಮೋಸ ಮಾಡುವುದು. ‘ಈ ಜಮೀನು ನನಗೆ ಸೇರಿದ್ದು’ ಎನ್ನುವಾಗ ‘ಬಿಲಾಂಗ್ಸ್ ಟು’ ಸರಿಹೊಂದುತ್ತದೆ. ‘ಕಾಲೇಜಿಗೆ ಸೇರಿದೆ’ ಎನ್ನುವಾಗ ‘ಜಾಯ್ನ್ಡ್ ಟು’ ತಪ್ಪು. ‘ಪತ್ರಕ್ಕೆ ಉತ್ತರಿಸು’ ಎಂಬುದಕ್ಕೆ ‘ರಿಪ್ಲೈ ಟು’, ‘ರೆಸ್ಪಾಂಡ್ ಟು’ ಸರಿ, ‘ಆನ್ಸರ್ ಟು’ ತಪ್ಪು. ‘ಊರಿಗೆ ತಲುಪಿದೆ’ ಎಂದರೆ ‘ರೀಚ್ಡ್’ ಮಾತ್ರ. ‘ಅರೈವ್’ ಬಳಸಿದರೆ ಸಣ್ಣ ಊರಿಗೆ, ನಿಲ್ದಾಣಕ್ಕೆ ‘ಆಟ್’, ದೊಡ್ಡ ಪಟ್ಟಣಕ್ಕೆ, ದೇಶಕ್ಕೆ ‘ಇನ್’. ‘ನನಗೆ ಹೇಳಿದರು’ ಎಂಬುದು ‘ಟೋಲ್ಡ್ ಮಿ’, ಅದೇ ‘ನನಗೆ ವಿವರಿಸಿದರು’ ಎಂಬುದು ‘ಎಕ್ಸ್‌ಪ್ಲೇನ್ಡ್ ಮಿ’ ಆಗಲಾರದು. ‘ಎಕ್ಸ್‌ಪ್ಲೇನ್ಡ್ ಇಟ್ ಟು ಮಿ’ ಆಗಬೇಕು. ‘ನಮಗೆ ನೀರು ಒದಗಿಸಿ’ ಎಂಬುದಕ್ಕೆ ಎರಡು ದಾರಿ: ‘ಪ್ರೊವೈಡ್ ವಾಟರ್ ಟು ಅಸ್’ ಅಥವಾ ‘ಪ್ರೊವೈಡ್ ಅಸ್ ವಿತ್ ವಾಟರ್’. ಕಚೇರಿಯ ಭಾಷೆಯಲ್ಲಿ ‘ನಿಯಮಕ್ಕೆ ಬದ್ಧ’ ಎಂಬ ಒಂದೇ ಮಾತಿಗೆ ‘ಕಂಪ್ಲೈ ವಿತ್’, ‘ಅಬೈಡ್ ಬೈ’, ‘ಅಡ್ಹಿಯರ್ ಟು’ ಎಂದು ಮೂರು ಕ್ರಿಯೆ, ಮೂರು ಪ್ರಿಪೊಸಿಷನ್. ಇವುಗಳಲ್ಲಿ ಒಂದನ್ನು ಪೂರ್ತಿ ಕಲಿತು ಅದನ್ನೇ ಬಳಸುವುದು ಬುದ್ಧಿವಂತಿಕೆ. ಮೂರನ್ನೂ ಅರ್ಧರ್ಧ ಕಲಿತವರ ಕೈಯಲ್ಲಿ ‘ಕಂಪ್ಲೈ ಟು’ ಹುಟ್ಟುತ್ತದೆ.

‘ಇಂದ’ದ ವಿಸ್ತಾರ ಇನ್ನೂ ದೊಡ್ಡದು. ಚಾಕುವಿನಿಂದ ಕತ್ತರಿಸಿದರೆ ‘ವಿತ್’, ಅಧಿಕಾರಿಯಿಂದ ಸಹಿಯಾದರೆ ‘ಬೈ’, ಶಿರಸಿಯಿಂದ ಬಂದರೆ ‘ಫ್ರಮ್’, ಕೊಡ ನೀರಿನಿಂದ ತುಂಬಿದ್ದರೆ ‘ಫಿಲ್ಡ್ ವಿತ್’, ಅದನ್ನೇ ‘ಫುಲ್’ ಎಂದರೆ ‘ಆಫ್’.

‘ಅವಳ ಜೊತೆ ಮದುವೆ’ಯಿಂದ ‘ಮ್ಯಾರೀಡ್ ವಿತ್’ ಬರುತ್ತದೆ. ಇಂಗ್ಲಿಷಿನಲ್ಲಿ ‘ಮ್ಯಾರಿ’ ಕ್ರಿಯೆಗೆ ಏನೂ ಬೇಡ, ಮದುವೆಯಾಗಿರುವ ಸ್ಥಿತಿಗೆ ‘ಮ್ಯಾರೀಡ್ ಟು’. ‘ಕಾಫಿಗಿಂತ ಚಹಾ ಇಷ್ಟ’ ಎಂಬುದರ ‘ಗಿಂತ’ ‘ಪ್ರಿಫರ್’ ಜೊತೆಗೆ ‘ದ್ಯಾನ್’ ತರುತ್ತದೆ, ಬೇಕಾದದ್ದು ‘ಟು’. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ಗಳಿಗೂ ‘ಟು’ ಬರುವುದು, ಇವು ಲ್ಯಾಟಿನ್ನಿನ ತಾರತಮ್ಯ ರೂಪಗಳಾದ್ದರಿಂದ. ‘ಕಂಪ್ರೈಸ್’ ಮಾತ್ರ ಕನ್ನಡಕ್ಕೆ ಚೆನ್ನಾಗಿ ಒಗ್ಗುವ ಪದ: ‘ತಾಲ್ಲೂಕು ಎರಡು ಹೋಬಳಿಗಳನ್ನು ಒಳಗೊಂಡಿದೆ’ ಎಂಬಲ್ಲಿಯ ‘ಅನ್ನು’ ನೆನಪಿದ್ದರೆ ಸಾಕು, ‘ಆಫ್’ ಸೇರಿಸುವ ಮನಸ್ಸಾಗದು. ಸೇರಿಸಲೇಬೇಕೆನ್ನುವವರಿಗೆ ‘ಕನ್ಸಿಸ್ಟ್ ಆಫ್’ ಇದೆ.

ವಾಕ್ಯದೊಳಗೆ ಕಳೆದುಹೋಗುವವು

ಹೆಚ್ಚಾಗಿ ಸೇರಿಸುವ ತಪ್ಪು ಒಂದು ಕಡೆಯಾದರೆ, ಬಿಟ್ಟುಬಿಡುವ ತಪ್ಪು ಇನ್ನೊಂದು ಕಡೆ. ‘ದ ಹೌಸ್ ವಿಚ್ ಐ ವಾಸ್ ಬಾರ್ನ್’ ಎಂದು ಬರೆದವನು ‘ಇನ್’ ಮರೆತಿದ್ದಾನೆ. ‘ಐ ವಾಸ್ ಬಾರ್ನ್ ಇನ್ ದಿಸ್ ಹೌಸ್’ ಎಂಬ ಸಾದಾ ವಾಕ್ಯದಲ್ಲಿ ಅವನೇ ‘ಇನ್’ ಮರೆಯುವುದಿಲ್ಲ. ವ್ಯತ್ಯಾಸಕ್ಕೆ ಕಾರಣ ಕನ್ನಡದ ಕೃದಂತ. ‘ನಾನು ಈ ಮನೆಯಲ್ಲಿ ಹುಟ್ಟಿದೆ’ ಎಂಬಲ್ಲಿ ‘ಅಲ್ಲಿ’ ಇದೆ. ‘ನಾನು ಹುಟ್ಟಿದ ಮನೆ’ ಎಂದೊಡನೆ ಆ ವಿಭಕ್ತಿ ಗುರುತೇ ಇಲ್ಲದಂತೆ ಮಾಯವಾಗುತ್ತದೆ. ‘ಬಸ್ಸಿಗೆ ಕಾದೆ’, ಆದರೆ ‘ನಾನು ಕಾದ ಬಸ್ಸು’. ‘ಚಾಕುವಿನಿಂದ ಕತ್ತರಿಸಿದೆ’, ಆದರೆ ‘ಕತ್ತರಿಸಿದ ಚಾಕು’. ಕನ್ನಡ ಇಲ್ಲಿ ಕೇಳುಗನ ವಿವೇಕಕ್ಕೆ ಎಲ್ಲವನ್ನೂ ಬಿಟ್ಟಿದೆ, ಇಂಗ್ಲಿಷ್ ಬಿಡುವುದಿಲ್ಲ. ‘ದ ಬಸ್ ಐ ವೇಟೆಡ್ ಫಾರ್’ ಎಂದು ಕೊನೆಗಾದರೂ ‘ಫಾರ್’ ತಂದಿಡಬೇಕು.

ಕೊನೆಯಲ್ಲಿ ಪ್ರಿಪೊಸಿಷನ್ ಇಡಬಾರದೆಂಬ ಹಳೆಯ ಆಕ್ಷೇಪ ಇಲ್ಲಿ ಅಡ್ಡ ಬರುತ್ತದೆ. ಇಂಗ್ಲಿಷ್ ಕವಿ ಜಾನ್ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್ನನ ವಾಕ್ಯಗಳಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ. ಆಮೇಲೆ ಶಾಲಾ ವ್ಯಾಕರಣಗಳು ಅದನ್ನು ಕಟ್ಟಳೆಯಾಗಿಸಿದವು. ಇಂದು ಇದನ್ನು ತಪ್ಪೆನ್ನುವ ಗಂಭೀರ ವ್ಯಾಕರಣಕಾರರು ಸಿಗುವುದು ಕಷ್ಟ. ಔಪಚಾರಿಕ ಪತ್ರದಲ್ಲಿ ‘ದ ಆಫೀಸರ್ ಟು ಹೂಮ್ ಐ ಅಪ್ಲೈಡ್’ ಘನವಾಗಿ ಕಾಣುತ್ತದೆ, ‘ದ ಆಫೀಸರ್ ಐ ಅಪ್ಲೈಡ್ ಟು’ ಸಹಜವಾಗಿ ಕೇಳುತ್ತದೆ. ಎರಡೂ ಸರಿ. ಕೊನೆಯಲ್ಲಿಡಲು ಹೆದರಿ, ಮುಂದೆ ಇಡಲು ಬಾರದೆ, ಪೂರ್ತಿ ನುಂಗಿಬಿಡುವುದೊಂದೇ ತಪ್ಪು. ಕರ್ಮಣಿ ಪ್ರಯೋಗದಲ್ಲಿಯೂ ಹೀಗೇ ಆಗುತ್ತದೆ: ‘ದ ಕಂಪ್ಲೇಂಟ್ ವಾಸ್ ಡೆಲ್ಟ್’ ಎಂದು ಬರೆದು ‘ವಿತ್’ ಬಿಟ್ಟ ಟಿಪ್ಪಣಿಗಳು ಕಚೇರಿಗಳಲ್ಲಿ ಅಪರೂಪವಲ್ಲ.

‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಮೀಟ್’ ಬರೆಯುವುದು ಇನ್ನೊಂದು. ಅಲ್ಲಿಯ ‘ಟು’ ಪ್ರಿಪೊಸಿಷನ್. ‘ಟು ಗೋ’, ‘ಟು ಈಟ್’ಗಳ ‘ಟು’ ಅಲ್ಲ. ಪ್ರಿಪೊಸಿಷನ್ ನಂತರ ಕ್ರಿಯೆ ನಾಮಪದದ ವೇಷ ಹಾಕಬೇಕು, ಅಂದರೆ ‘ಮೀಟಿಂಗ್’ ಆಗಬೇಕು. ‘ಇನ್ಸಿಸ್ಟ್ ಆನ್ ಪೇಯಿಂಗ್’, ‘ಪ್ರಿವೆಂಟ್ ಫ್ರಮ್ ಎಂಟರಿಂಗ್’ ಕೂಡ ಹೀಗೆಯೇ.

ಅಧ್ಯಯನದ ಹಾದಿ

ಈ ಜೋಡಿಗಳು ಪರಭಾಷಿಕರಿಗೆ ಎಲ್ಲಕ್ಕಿಂತ ಕಷ್ಟವೆಂದು 1755ರ ನಿಘಂಟಿನ ಮುನ್ನುಡಿಯಲ್ಲೇ ಸ್ಯಾಮ್ಯುಯೆಲ್ ಜಾನ್ಸನ್ ಗುರುತಿಸಿದ್ದ. ಫ್ರೇಸಲ್ ವರ್ಬ್ ಎಂಬ ಹೆಸರು ಬಳಕೆಗೆ ಬಂದದ್ದು ಲೋಗನ್ ಪಿಯರ್‌ಸಲ್ ಸ್ಮಿತ್‌ನ 1925ರ ಪುಸ್ತಕದಿಂದ. ಕಲಿಯುವವರಿಗೆ ನಿಜವಾಗಿ ಉಪಕಾರ ಮಾಡಿದವನು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಈತ, ಪ್ರತಿ ಕ್ರಿಯಾಪದ ಯಾವ ಚೌಕಟ್ಟಿನಲ್ಲಿ ಕೂರುತ್ತದೆ ಎಂಬುದನ್ನು ಗುರುತು ಹಾಕಿ ತೋರಿಸುವ ನಿಘಂಟನ್ನು 1942ರಲ್ಲಿ ಟೋಕಿಯೊದಿಂದ ಪ್ರಕಟಿಸಿದ. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ತನ್ನದಾಗಿಸಿಕೊಂಡಿತು. ನಮ್ಮ ಶಾಲೆಗಳ ಕಪಾಟಿನಲ್ಲಿರುವ ಇಂಗ್ಲಿಷ್–ಕನ್ನಡ ಕೈನಿಘಂಟುಗಳಲ್ಲಿ ಹೆಚ್ಚಿನವು ಅರ್ಥ ಕೊಟ್ಟು ಸುಮ್ಮನಾಗುತ್ತವೆ. ‘ವೇಟ್’ಗೂ ‘ಅವೇಟ್’ಗೂ ‘ಕಾಯು’ ಎಂದಷ್ಟೇ ಓದಿದವರಿಗೆ ‘ಫಾರ್’ ಎಲ್ಲಿ ಬೇಕೆಂದು ತಿಳಿಯುವ ಬಗೆಯಿಲ್ಲ.

ಮುಂಡಗೋಡಕ್ಕೆ ಬಹಳ ದೂರವಲ್ಲದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ಇಂಗ್ಲಿಷ್ ಬೋಧನೆಯ ಪ್ರಶ್ನೆಯನ್ನು ಎದುರಿಸಿದವರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟವರೂ ಅವರೇ ಎಂಬುದನ್ನು ಎರಡು ಭಾಷೆಗಳನ್ನು ಪರಸ್ಪರ ಶತ್ರುಗಳೆಂದು ಕಾಣುವವರು ಮರೆಯುತ್ತಾರೆ. ದಕ್ಷಿಣದ ರಾಜ್ಯಗಳ ಶಿಕ್ಷಕರ ತರಬೇತಿಗೆ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು.

ತರಗತಿಯಲ್ಲಿ ಇಂದಿಗೂ ನಡೆಯುವ ಮುಖ್ಯ ಅಭ್ಯಾಸ ಬಿಟ್ಟ ಸ್ಥಳ ತುಂಬುವುದು. ಪುಸ್ತಕ ಮೇಜಿನ ಮೇಲಿದೆ, ಬೆಕ್ಕು ಕುರ್ಚಿಯ ಕೆಳಗಿದೆ ಎಂಬಂಥ ವಾಕ್ಯಗಳು. ಅವು ಸ್ಥಳ ತೋರಿಸುವ ಪ್ರಿಪೊಸಿಷನ್‌ಗಳು, ಚಿತ್ರ ನೋಡಿದರೆ ಹೊಳೆಯುತ್ತವೆ. ಕ್ರಿಯಾಪದಕ್ಕೆ ಕಟ್ಟುಬಿದ್ದವು ಚಿತ್ರದಲ್ಲಿ ಕಾಣುವುದಿಲ್ಲ. ಇನ್ನೂ ಒಂದು ತೊಡಕು: ಖಾಲಿ ಜಾಗ ಬಿಟ್ಟಿದ್ದಾರೆಂದರೆ ಅಲ್ಲಿ ಏನಾದರೂ ಬರಲೇಬೇಕೆಂದು ಮಗು ಕಲಿಯುತ್ತದೆ. ‘ಡಿಸ್ಕಸ್’ ಮುಂದೆ ಏನೂ ಬರೆಯದೆ ಬಿಡುವುದನ್ನು ಆ ಅಭ್ಯಾಸ ಕಲಿಸಲಾರದು. ಕ್ರಿಯೆಯನ್ನು ಅದರ ಪ್ರಿಪೊಸಿಷನ್ ಮತ್ತು ಒಂದು ಕರ್ಮಪದದ ಸಮೇತ ಬರೆದಿಟ್ಟುಕೊಳ್ಳುವುದು, ಪಕ್ಕದಲ್ಲೇ ಕನ್ನಡದ ವಿಭಕ್ತಿ ಬರೆಯುವುದು ಇದಕ್ಕಿಂತ ಫಲ ಕೊಡುತ್ತದೆ: ‘ಅಪ್ಲೈ ಟು ದ ಬ್ಯಾಂಕ್ ಫಾರ್ ಎ ಲೋನ್’, ಬ್ಯಾಂಕಿಗೆ, ಸಾಲಕ್ಕೆ. ಎರಡು ‘ಗೆ’ಗಳು ಎರಡು ದಾರಿ ಹಿಡಿದದ್ದು ಒಂದೇ ಸಾಲಿನಲ್ಲಿ ಕಣ್ಣಿಗೆ ಬೀಳುತ್ತದೆ.

ತಪ್ಪೋ ರೂಢಿಯೋ

ಮುಂಬಯಿ ಪ್ರಾಂತ್ಯದ ಸಿವಿಲ್ ಸೇವೆಯಲ್ಲಿದ್ದ ಜಿ. ಸಿ. ವಿಟ್‌ವರ್ತ್ 1907ರಲ್ಲಿ ಭಾರತೀಯರ ಇಂಗ್ಲಿಷಿನ ನುಡಿಗಟ್ಟಿನ ದೋಷಗಳನ್ನೇ ವಿಷಯವಾಗಿಸಿ ಪುಸ್ತಕ ಬರೆದ. ಉತ್ತರ ಕನ್ನಡವೂ ಆಗ ಅದೇ ಪ್ರಾಂತ್ಯದಲ್ಲಿತ್ತು. 1979ರಲ್ಲಿ ನಿಹಲಾನಿ, ಟಂಗ್, ಹೊಸಾಲಿ ಅವರು ಭಾರತೀಯ ಮತ್ತು ಬ್ರಿಟಿಷ್ ಬಳಕೆಗಳನ್ನು ಎದುರುಬದುರಿಟ್ಟು ಕೈಪಿಡಿ ತಂದರು. ಬ್ರಜ್ ಕಚ್ರು ಮುಂತಾದವರು ಇವನ್ನು ದೋಷವೆಂದು ಎಣಿಸದೆ ಒಂದು ಪ್ರಭೇದದ ಲಕ್ಷಣವೆಂದು ನೋಡಿದರು. ಲೆಕ್ಕ ಹಾಕಿ ನೋಡಲು ಬೇಕಾದ ಸಾಮಗ್ರಿ ಒದಗಿದ್ದು ಗಡಿಯಾಚೆಯ ಕೊಲ್ಹಾಪುರದಲ್ಲಿ: ಶಿವಾಜಿ ವಿಶ್ವವಿದ್ಯಾಲಯದ ಎಸ್. ವಿ. ಶಾಸ್ತ್ರಿ ಅವರ ನೇತೃತ್ವದಲ್ಲಿ, 1978ರಲ್ಲಿ ಪ್ರಕಟವಾದ ಭಾರತೀಯ ಇಂಗ್ಲಿಷ್ ಬರಹಗಳಿಂದ ಆಯ್ದ ಸುಮಾರು 10 ಲಕ್ಷ ಪದಗಳ ಕೊಲ್ಹಾಪುರ ಕಾರ್ಪಸ್ ಸಿದ್ಧವಾಯಿತು.

ಇಂಗ್ಲಿಷ್ ಮನೆಮಾತಾದವರಲ್ಲೂ ಒಮ್ಮತವಿಲ್ಲ. ತೀರ್ಪಿನ ವಿರುದ್ಧ ಮೇಲ್ಮನವಿಗೆ ಬ್ರಿಟನ್ನಿನಲ್ಲಿ ‘ಅಪೀಲ್ ಅಗೇನ್ಸ್ಟ್’, ಅಮೆರಿಕದಲ್ಲಿ ‘ಅಪೀಲ್’ ಮಾತ್ರ. ಅರ್ಜಿಯನ್ನು ಬ್ರಿಟಿಷರು ‘ಫಿಲ್ ಇನ್’ ಮಾಡಿದರೆ ಅಮೆರಿಕನ್ನರು ‘ಫಿಲ್ ಔಟ್’, ನಾವು ‘ಫಿಲ್ ಅಪ್’. ‘ಫಿಲ್ ಅಪ್’ ತಿದ್ದಲು ಹೊರಡುವುದು ವ್ಯರ್ಥ ಶ್ರಮ. ‘ಡಿಸ್ಕಸ್ ಅಬೌಟ್’ ಮಾತಿನಲ್ಲಿ ನಡೆದೀತು. ಪರೀಕ್ಷೆ, ಸಂಶೋಧನಾ ಪ್ರಬಂಧ, ಹೊರದೇಶದ ಅರ್ಜಿಗಳಲ್ಲಿ ಅದು ಬರೆದವರ ಮೇಲಿನ ವಿಶ್ವಾಸವನ್ನು ಕುಗ್ಗಿಸುತ್ತದೆ. ‘ಅಟೆಂಡ್ ಟು’ನಂತೆ ಅರ್ಥ ಕೆಡಿಸುವವನ್ನು ಎಲ್ಲಿದ್ದರೂ ತಿದ್ದಬೇಕು. ಔಪಚಾರಿಕ ಬರಹದಲ್ಲಿ ಅನುಮಾನ ಬಂದಾಗ ಇಂಥ ಜೋಡಿ ಬಿಟ್ಟು ಒಂಟಿ ಕ್ರಿಯೆ ಹಿಡಿಯುವ ದಾರಿಯೂ ಇದೆ: ‘ಪುಟ್ ಅಪ್ ವಿತ್’ ಬದಲು ‘ಟಾಲರೇಟ್’, ‘ಲುಕ್ ಇಂಟು’ ಬದಲು ‘ಇನ್ವೆಸ್ಟಿಗೇಟ್’. ಅತಿಯಾದರೆ ಪತ್ರ ಬಿರುಸಾಗುತ್ತದೆ, ಅಷ್ಟೆ.

ಕನ್ನಡದೊಳಕ್ಕೆ

ಸಾಗಣೆ ಒಂದೇ ದಿಕ್ಕಿನದಲ್ಲ. ಇಂಗ್ಲಿಷಿನ ಪ್ರಿಪೊಸಿಷನ್‌ಗಳು ಆಡಳಿತ ಕನ್ನಡದಲ್ಲಿ ಹೊಸ ಪ್ರತ್ಯಯಗಳಂತೆ ನೆಲೆಯೂರಿವೆ. ‘ಅಂಡರ್ ದ ಆ್ಯಕ್ಟ್’ ಎಂಬುದು ‘ಕಾಯ್ದೆಯಡಿ’ ಆಯಿತು, ‘ಅಂಡರ್ ದ ಸ್ಕೀಮ್’ ಎಂಬುದು ‘ಯೋಜನೆಯಡಿ’ ಆಯಿತು. ‘ಬಗ್ಗೆ’ ಎಂಬುದರ ಹಾವಳಿ ಇದಕ್ಕಿಂತ ಹೆಚ್ಚು. ‘ವಿಷಯವನ್ನು ಚರ್ಚಿಸಿದರು’ ಎಂದು ಬರೆಯುವಲ್ಲಿ ಪತ್ರಿಕೆಗಳು ‘ವಿಷಯದ ಬಗ್ಗೆ ಚರ್ಚಿಸಿದರು’ ಎಂದು ಬರೆಯುತ್ತಿವೆ, ‘ಗುಣಮಟ್ಟಕ್ಕೆ ಗಮನ ಕೊಡಿ’ ಎಂಬುದು ‘ಗುಣಮಟ್ಟದ ಬಗ್ಗೆ ಗಮನಹರಿಸಿ’ ಆಗಿದೆ. ನಾಮಪದದ ‘ಬಗ್ಗೆ’ ಕ್ರಿಯಾಪದಕ್ಕೂ ಅಂಟಿಕೊಳ್ಳುತ್ತಿರುವ ಈ ಬೆಳವಣಿಗೆ ‘ಡಿಸ್ಕಸ್ ಅಬೌಟ್’ನ ಒಡಹುಟ್ಟು. ಅಭ್ಯಾಸ ಬೇರೂರಿದರೆ, ಇಂಗ್ಲಿಷಿನ ‘ಡಿಸ್ಕಸ್’ಗೆ ಪ್ರಿಪೊಸಿಷನ್ ಬೇಡವೆಂದು ‘ಚರ್ಚಿಸು’ವಿನ ‘ಅನ್ನು’ ತೋರಿಸಿ ಹೇಳುವ ಶಿಕ್ಷಕರು ಬೇರೆ ಉದಾಹರಣೆ ಹುಡುಕಬೇಕಾಗುತ್ತದೆ.